ಕಲ್ಲನ್ನು ಪಡೆಯಲಾಯಿತು

‘ಕಲ್ಲನ್ನು ನಾನು ತಂದೆ’ ಎಂಬ ಮೂರು ಪದದ ವಾಕ್ಯವನ್ನು ಬಾಯಿಬಿಟ್ಟು ಹೇಳಲು ನನಗೆ ಎರಡು ತಿಂಗಳು ಹಿಡಿಯಿತು. ಮೂವತ್ತೊಂದು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವನಿಗೆ ಇಷ್ಟು ಸಣ್ಣ ವಾಕ್ಯ ಕಷ್ಟವಾಯಿತೇ ಎಂದು ನೀವು ಕೇಳಬಹುದು. ಇಂಗ್ಲಿಷ್ ಮೇಷ್ಟ್ರಾಗಿದ್ದದ್ದರಿಂದಲೇ ಕಷ್ಟವಾಯಿತು ಸ್ವಾಮಿ.

ತಾಳವಾಡಿ ಬೆಟ್ಟದ ಮಕ್ಕಳಿಗೆ ನಾನು ಪ್ಯಾಸಿವ್ ವಾಯ್ಸನ್ನು ಬಲು ಪ್ರೀತಿಯಿಂದ ಕಲಿಸಿದವನು. ‘ರಾಮ ಹಣ್ಣು ತಿಂದ’ ಎಂಬುದನ್ನು ಬೋರ್ಡಿನ ಮೇಲೆ ‘ಹಣ್ಣು ರಾಮನಿಂದ ತಿನ್ನಲ್ಪಟ್ಟಿತು’ ಎಂದು ತಿರುಗಿಸುತ್ತಿದ್ದೆ. ಆಮೇಲೆ ‘ರಾಮನಿಂದ’ ಎಂಬುದನ್ನು ಅಂಗೈಯಿಂದ ಒರೆಸಿ, ಇದು ಇಲ್ಲದಿದ್ದರೂ ನಡೆಯುತ್ತದೆ ಎನ್ನುತ್ತಿದ್ದೆ. ಹಣ್ಣಂತೂ ಹೋಯಿತು, ರಾಮನ ಸುಳಿವಿಲ್ಲ. ಉಳಿದ ವ್ಯಾಕರಣಕ್ಕೆ ವರ್ಷಗಟ್ಟಲೆ ತಲೆ ಕೆರೆದುಕೊಳ್ಳುತ್ತಿದ್ದ ಮಕ್ಕಳಿಗೆ ಈ ಪಾಠ ಮಾತ್ರ ಒಂದೇ ದಿನದಲ್ಲಿ ಅರ್ಥವಾಗುತ್ತಿತ್ತು. ಮರುದಿನ ಕಿಟಕಿಯ ಗಾಜು ಒಡೆದವರು ಯಾರೆಂದು ಕೇಳಿದರೆ ಇಡೀ ತರಗತಿ ‘ವಾಸ್ ಬ್ರೋಕನ್ ಸಾರ್’ ಎನ್ನುತ್ತಿತ್ತು. ವ್ಯಾಕರಣ ಸರಿಯಿದ್ದ ಕಾರಣ ನಾನು ಬೈಯುವಂತಿರಲಿಲ್ಲ.

ನಿವೃತ್ತನಾಗಿ ದೊಡ್ಡಗಾಜನೂರಿನ ಮನೆಯಲ್ಲಿ ಸುಮ್ಮನೆ ಕೂತಿದ್ದವನನ್ನು ಶಾಲೆಯ ಹೆಡ್‌ಮಿಸ್ಟ್ರೆಸ್ ಮೇಡಂ ಕರೆಸಿದರು. ಶಾಲೆಯಲ್ಲಿ ಒಂದು ಕೋಣೆ ಖಾಲಿಯಿದೆ, ಹಳೆಯ ಕಾಲದ ಸಾಮಾನುಗಳನ್ನು ಕೂಡಿಸಿ ಇಡೋಣ, ಈರೋಡಿನಿಂದ ದೊಡ್ಡ ಅಧಿಕಾರಿಗಳು ಬರುತ್ತಾರೆ, ಚೀಟಿಗಳನ್ನು ನೀವೇ ಇಂಗ್ಲಿಷಿನಲ್ಲಿ ಬರೆಯಬೇಕು ಎಂದರು. ನನಗೂ ಉಮೇದು ಬಂತು. ಊರೆಲ್ಲ ತಿರುಗಿ ಮರದ ಕೊಳಗ, ಹಿತ್ತಾಳೆಯ ಗಿಂಡಿ, ಲಾಟೀನು ಎಲ್ಲವನ್ನೂ ಕೇಳಿ ಕೇಳಿ ತಂದೆ. ಕೇಳದೆ ತಂದದ್ದು ಒಂದೇ ಒಂದು.

ಅದು ನಮ್ಮ ಹಿಂದಿನ ಬೀದಿಯ ಶಿವಮ್ಮನ ರಾಗಿ ಬೀಸುವ ಕಲ್ಲು. ಪೂರಾ ಕಲ್ಲೂ ಅಲ್ಲ, ಮೇಲೆ ತಿರುಗುವ ಬಿಲ್ಲೆ ಮಾತ್ರ. ಅವತ್ತು ಅವಳ ಮನೆಗೆ ಬೀಗ ಹಾಕಿತ್ತು, ಹೊಲಕ್ಕೆ ಹೋಗಿದ್ದಳು. ಹಿತ್ತಲಲ್ಲಿ ಬೋರಲು ಹಾಕಿದ ಮಂಕರಿ ಬುಟ್ಟಿಯ ಮೇಲೆ ಕಲ್ಲು ಕೂತಿತ್ತು. ಹಾಳಾಗಿ ಬಿದ್ದಿದೆ ಎಂದುಕೊಂಡೆ. ಸಂಜೆ ಹೇಳಿದರಾಯಿತು ಎಂದು ಟವಲಿನಲ್ಲಿ ಸುತ್ತಿ ಹೊತ್ತುಕೊಂಡು ಹೋದೆ. ಆ ಮಂಕರಿ ರಾತ್ರಿ ಕೋಳಿ ಮುಚ್ಚುವುದೆಂದೂ, ಕಲ್ಲು ಅದರ ಮೇಲಿನ ಭಾರವೆಂದೂ ನನಗೆ ಹೊಳೆಯಲಿಲ್ಲ. ಸಂಜೆ ನೆಂಟರು ಬಂದರು, ಹೇಳುವುದು ಮರೆತೇ ಹೋಯಿತು.

ಬೆಳಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದಾಗ ಹಿಂದಿನ ಬೀದಿಯಿಂದ ಜಗಳ ಕೇಳಿಸಿತು. ರಾತ್ರಿ ಕತ್ತಲಲ್ಲಿ ಕಲ್ಲು ಕೈಗೆ ಸಿಗದೆ ಶಿವಮ್ಮ ಬರೀ ಮಂಕರಿ ಮುಚ್ಚಿ ಮಲಗಿದ್ದಳಂತೆ. ಕಾಡುಬೆಕ್ಕು ಅದನ್ನು ಉರುಳಿಸಿ ಶಿವಮ್ಮನ ಮೊಟ್ಟೆಯಿಡುವ ಕೋಳಿಯನ್ನು ಎತ್ತಿಕೊಂಡು ಹೋಗಿತ್ತು. ಕಲ್ಲು ಎಲ್ಲಿ ಹೋಯಿತು ಎಂದು ಹುಡುಕಿದ ಶಿವಮ್ಮನಿಗೆ ಕಂಡವಳು ಪಕ್ಕದ ಮನೆಯ ಓರಗಿತ್ತಿ ಕೆಂಪಮ್ಮ. ಹಿಂದಿನ ವಾರವಷ್ಟೇ ಬಚ್ಚಲ ನೀರಿನ ವಿಷಯಕ್ಕೆ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತು. ಹಾಗಾಗಿ ಬೇರೆ ಸಾಕ್ಷಿ ಬೇಕಾಗಲಿಲ್ಲ. ನಾನು ಲೋಟ ಕೆಳಗಿಟ್ಟು ಬಾಗಿಲ ತನಕ ಹೋದೆ. ಹೋಗಿ ನಿಂತೆ. ಬರೀ ಕಲ್ಲಾಗಿದ್ದರೆ ಹೇಳಿಬಿಡಬಹುದಿತ್ತು, ಈಗ ಅದರ ಜೊತೆ ಒಂದು ಜೀವವೂ ಸೇರಿತ್ತು. ಜಗಳ ತಣ್ಣಗಾಗಲಿ ಎಂದು ವಾಪಸು ಬಂದು ಆರಿದ ಕಾಫಿ ಕುಡಿದೆ.

ಜಗಳ ತಣ್ಣಗಾಯಿತು, ಮಾತೂ ನಿಂತಿತು. ಅವರಿಬ್ಬರೂ ಮದುವೆಯಾಗಿ ಬಂದ ದಿನದಿಂದ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದವರು. ಇವತ್ತು ಇವಳ ಕೆಲಸಕ್ಕೆ ಅವಳು, ನಾಳೆ ಅವಳ ಕೆಲಸಕ್ಕೆ ಇವಳು. ಅದೂ ನಿಂತಿತು. ಚೆಂಡು ಹೂ ಬಿಡಿಸುವ ಕಾಲ ಬಂದಾಗ ಇಬ್ಬರೂ ತಂತಮ್ಮ ಹೊಲದಲ್ಲಿ ಒಂಟಿಯಾಗಿ ಬಗ್ಗಿದ್ದರು. ಸತ್ಯಮಂಗಲಕ್ಕೆ ಹೋಗುವ ಹೂವಿನ ವ್ಯಾನು ಕಾಯದೆ ಹೊರಟುಬಿಡುತ್ತಿತ್ತು, ಅರ್ಧ ಹೂ ಗಿಡದಲ್ಲೇ ಬಾಡುತ್ತಿತ್ತು. ನಾನು ಆ ದಾರಿಯಲ್ಲಿ ವಾಕಿಂಗ್ ಹೋಗುವುದನ್ನು ಬಿಟ್ಟೆ.

ಇಂಥ ಸ್ಥಿತಿಯಲ್ಲಿ ಕಲ್ಲಿಗೆ ಚೀಟಿ ಬರೆಯಬೇಕಾಯಿತು. ಎಲ್ಲಿಂದ ಬಂತು ಎಂದು ಬರೆಯಲೇಬೇಕು. ಪೆನ್ನು ಹಿಡಿದು ಎರಡು ನಿಮಿಷ ಕೂತೆ. ಆಮೇಲೆ ನನ್ನ ಮೂವತ್ತೊಂದು ವರ್ಷದ ವಿದ್ಯೆ ಕೈ ಹಿಡಿಯಿತು: ‘ವಾಸ್ ಅಬ್ಟೇನ್ಡ್ ಫ್ರಮ್ ಎ ಲೋಕಲ್ ಹೌಸ್‌ಹೋಲ್ಡ್.’ ಓದಿಕೊಂಡೆ. ಎಂಥ ಸಭ್ಯ ವಾಕ್ಯ! ಮನೆ ಇದೆ, ಮನೆಯವಳಿಲ್ಲ. ಕಲ್ಲು ಇದೆ, ಹೊತ್ತವನಿಲ್ಲ. ಕೋಳಿಯ ಪ್ರಸ್ತಾಪವೇ ಇಲ್ಲ.

ಇದು ಇಂಗ್ಲಿಷಿನವರ ಕುತಂತ್ರ ಮಾತ್ರ ಎಂದು ಹೇಳಿ ತಪ್ಪಿಸಿಕೊಳ್ಳಲಾರೆ. ತಮಿಳು ಸೀಮೆಗೆ ಸೇರಿದ ನಮ್ಮ ಬೆಟ್ಟದ ಕಚೇರಿಗಳಲ್ಲಿ ಅರ್ಜಿ ಕೊಟ್ಟರೆ ತಮಿಳಿನಲ್ಲಿ ‘ಪೆರಪ್ಪಟ್ಟದು’ ಎಂದು ಮೊಹರು ಬೀಳುತ್ತದೆ. ಪಡೆದವರು ಯಾರೆಂದು ಮುಂದಿನ ವಾರ ಕೇಳಿದರೆ ಯಾರೂ ಅಲ್ಲ. ಕನ್ನಡದಲ್ಲಿ ‘ಪಡೆಯಲ್ಪಟ್ಟಿತು’. ಎರಡರಲ್ಲೂ ಇರುವುದು ಒಂದೇ ‘ಪಡು’. ಕಷ್ಟಪಡು, ನೋವುಪಡು ಎನ್ನುವಾಗಿನ ಅದೇ ಪಡು. ನಮ್ಮ ಹಿರಿಯರು ವ್ಯಾಕರಣ ಮಾಡುವಾಗ ಮಾಡಿದವನನ್ನು ಅಡಗಿಸಲು ಜಾಗ ಕೊಟ್ಟರೂ ಪಟ್ಟವರ ಗುರುತನ್ನು ಕ್ರಿಯಾಪದದ ಬಾಲದಲ್ಲಿ ಉಳಿಸಿದ್ದಾರೆ. ಆದರೆ ಈ ತತ್ವ ಹೊಳೆದದ್ದು ಆಮೇಲೆ. ಆಗ ಚೀಟಿಗೆ ಅಂಟು ಹಚ್ಚುವುದರಲ್ಲಿದ್ದೆ.

ಅಧಿಕಾರಿಗಳು ಬಂದರು, ಚೀಟಿ ಓದಿದರು, ಒಳ್ಳೆಯ ಇಂಗ್ಲಿಷ್ ಎಂದು ಹೊಗಳಿದರು, ಊಟ ಮಾಡಿ ಹಾಸನೂರಿನ ಕಡೆ ಹೊರಟರು. ಮಧ್ಯಾಹ್ನ ಊರಿನವರಿಗೆ ಕೋಣೆ ತೆರೆದಿಟ್ಟಿದ್ದೆವು. ಶಿವಮ್ಮ ಬಂದಳು. ಕೊಳಗ ನೋಡಿದಳು, ಗಿಂಡಿ ನೋಡಿದಳು, ಕಲ್ಲಿನ ಮುಂದೆ ನಿಂತಳು. ಕಲ್ಲಿನ ಅಂಚಿನಲ್ಲಿದ್ದ ಒಂದು ಮುಕ್ಕನ್ನು ಹೆಬ್ಬೆರಳಿನಿಂದ ಸವರಿದಳು.

“ಇದ್ರಲ್ಲಿ ಏನ್ ಬರ್ದಿದ್ದದು ಮೇಷ್ಟ್ರೆ, ವಸಿ ಓದಿ” ಎಂದಳು.

ಓದಿದೆ. ಅರ್ಥ ಹೇಳಿ ಎಂದಳು. ಸ್ಥಳೀಯ ಮನೆಯೊಂದರಿಂದ ಪಡೆಯಲಾಯಿತು ಎಂದೆ. ಹಂಗಂದ್ರೇನು ಎಂದಳು. ತಂದದ್ದು ಎಂದೆ.

“ಕಲ್ಗೇನು ಕಾಲಿದ್ದಾ? ತಂದೋರ್ಯಾರು?”

ಆಗ ಬಂತು ನೋಡಿ, ಆ ಮೂರು ಪದ. ಹೇಳಿ ನೆಲ ನೋಡುತ್ತ ನಿಂತೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಕಲ್ಲಿನ ಮೇಲಿಂದ ಕೈ ತೆಗೆದಳು.

“ಎಲ್ಡು ತಿಂಗ್ಳು ನಾ ಆ ಕೆಂಪಿ ಮಕ ನೋಡ್ನಿಲ್ಲವಲ್ಲ ಮೇಷ್ಟ್ರೆ” ಎಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, “ನಡೀರಿ, ಅವಳ್ಗೂ ಯೋಳಿ” ಎಂದು ಮುಂದೆ ನಡೆದಳು.

ಕೆಂಪಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತನ್ನು ಒಪ್ಪಿಸಿದೆ. ಅವಳು ತಲೆಯೆತ್ತಲೂ ಇಲ್ಲ.

“ನಂಗೊತ್ತು. ಟವಲ್‌ನಲ್ಲಿ ಸುತ್ಕಂಡು ಎಳೆ ಮಗೀನಂಗೆ ಎತ್ಕಂಡೋಯ್ತಿದ್ರಿ. ನಾ ಬೇಲಿತಾವಿಂದ ನೋಡಿವ್ನಿ.”

ಹಾಗಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಶಿವಮ್ಮ ಕೇಳಿದಳು. ದನಿ ಇಳಿದುಹೋಗಿತ್ತು.

“ಮೇಷ್ಟ್ರು ಕಲ್ಲು ಕದ್ರು ಅಂದಿದ್ರೆ ನೀ ನಂಬ್ತಿದ್ದಾ? ಬರೀ ಕಳ್ಳಿ ಆಗಿದ್ದೋಳು ಸುಳ್ಳಿನೂ ಆಯ್ತಿದ್ದೆ.”

ಶಿವಮ್ಮ ನಂಬುತ್ತಿರಲಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ವಾಕ್ಯದಿಂದ ನನ್ನನ್ನು ಒರೆಸಿಹಾಕಿದ್ದು ಇಂಗ್ಲಿಷ್ ಎಂದು ನಾನು ತಿಳಿದಿದ್ದೆ. ಇಂಗ್ಲಿಷಿಗಿಂತ ಮುಂಚೆಯೇ ಊರಿನವರು ನನ್ನ ಮೇಲಿಟ್ಟ ಮರ್ಯಾದೆ ಆ ಕೆಲಸ ಮಾಡಿ ಮುಗಿಸಿತ್ತು. ಆ ಮರ್ಯಾದೆಯ ಮರೆಯಲ್ಲಿ ನಾನು ನೆಮ್ಮದಿಯಾಗಿದ್ದೆ, ಕೆಂಪಮ್ಮ ಕಳ್ಳಿಯಾಗಿದ್ದಳು.

ಶಿವಮ್ಮ ಮೆಲ್ಲಗೆ ಜಗಲಿಯ ಮೇಲೆ ಕೂತು ಮೊರಕ್ಕೆ ಕೈ ಹಾಕಿ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡಳು. ಕೆಂಪಮ್ಮ ಮೊರವನ್ನು ಇಬ್ಬರಿಗೂ ನಡುವೆ ಸರಿಸಿದಳು. ಕ್ಷಮೆ ಗಿಮೆ ಎಂಬ ಮಾತೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಹೂವಿನ ಮಾತು ಶುರುವಾಯಿತು, ನಾನು ನಿಂತಿರುವುದನ್ನು ಇಬ್ಬರೂ ಮರೆತರು. ನೆನಪಾದ ಮೇಲೆ ನನಗೆ ತೀರ್ಪು ಹೇಳಿದರು. ಕಲ್ಲು ಶಾಲೆಯಲ್ಲೇ ಇರಲಿ, ಮಕ್ಕಳು ನೋಡಲಿ. ನಮ್ಮ ಮನೆಯ ಹೇಟೆ ಕೋಳಿ ಒಂದು ಶಿವಮ್ಮನಿಗೆ ಬರಬೇಕು. ಎರಡು ತಿಂಗಳು ನಿಂತುಹೋದ ಮುಯ್ಯಿಯನ್ನು ನಾನು ತೀರಿಸಬೇಕು. ಇಬ್ಬರ ಹೊಲದಲ್ಲೂ ಎರಡೆರಡು ದಿನ ಹೂ ಬಿಡಿಸಬೇಕು.

ಚೀಟಿಯನ್ನು ಕನ್ನಡದಲ್ಲಿ ಬದಲಾಯಿಸಿದೆ: ‘ಇದು ಶಿವಮ್ಮನವರ ಬೀಸುವ ಕಲ್ಲು. ಅವರನ್ನು ಕೇಳದೆ ನಾನು ತಂದೆ. ಆಮೇಲೆ ಅವರು ಕೊಟ್ಟರು.’ ಕೆಳಗೆ ಸಹಿ. ಮೇಡಂ ಓದಿ, ಸಾರ್, ಇದು ಸ್ವಲ್ಪ ಹೆಚ್ಚೇ ಸ್ಪಷ್ಟವಾಯಿತು ಎಂದರು.

ಅರವತ್ತಾರನೆಯ ವಯಸ್ಸಿನಲ್ಲಿ ತಲೆಗೆ ಟವಲ್ ಸುತ್ತಿ ನಾಲ್ಕು ದಿನ ಚೆಂಡು ಹೂ ಬಿಡಿಸಿದೆ. ಅಕ್ಕಪಕ್ಕದ ಸಾಲಿನಲ್ಲಿ ಓರಗಿತ್ತಿಯರು ನನ್ನ ಬಿಡಿಸುವ ಚೆಂದವನ್ನು ಆಡಿಕೊಂಡು ನಗುತ್ತಿದ್ದರು. ವ್ಯಾನು ಹೊರಡುವ ಹೊತ್ತಿಗೆ ನನ್ನ ಚೀಲ ಅವರ ಚೀಲದ ಅರ್ಧ. ಮನೆಗೆ ಬಂದು ಚಾಪೆಯ ಮೇಲೆ ಬೋರಲಾದರೆ ಹೆಂಡತಿ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದಳು. ಹೂವನ್ನು ಬಿಡಿಸಲಾಯಿತು ಎಂದು ಯಾರು ಬೇಕಾದರೂ ಬರೆದುಕೊಳ್ಳಲಿ. ಬಿಡಿಸಿದವರು ಯಾರೆಂಬುದರಲ್ಲಿ ನನ್ನ ಸೊಂಟಕ್ಕೆ ಎಳ್ಳಷ್ಟೂ ಅನುಮಾನವಿರಲಿಲ್ಲ.