ವಿಮಾನದ ಚಕ್ರಕ್ಕೆ ನಿಂಬೆಹಣ್ಣು

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಅಪ್ಪ ವಿಮಾನದ ಚಕ್ರದಡಿಯ ಆ ಮರದ ತುಂಡನ್ನು ಎಳೆದರು. ಹಾಸನದ ಮೈದಾನವೊಂದರಲ್ಲಿ ಹಳೆಯ ಯುದ್ಧವಿಮಾನಗಳ ಪ್ರದರ್ಶನವಿತ್ತು. ಅಪ್ಪ ಹೊಳೆನರಸೀಪುರದಲ್ಲಿ ಗಾಡಿಪೂಜೆ ಮಾಡುವ ಅರ್ಚಕರು. ವಿಮಾನ ನೋಡಲು ಹೊರಟಾಗಲೂ ನಿಂಬೆಹಣ್ಣು ತಂದಿದ್ದರು.

“ಆರ್ದೇ ಇರೋ ಇಮಾನಕ್ಕೆ ಪೂಜೆ ಯಾಕ್ ಸ್ವಾಮಿ?” ಎಂದು ಕಾವಲುಗಾರ ನಕ್ಕ.

“ಚಕ್ರ ಇದೆಯಲ್ಲಪ್ಪಾ,” ಎಂದು ಅಪ್ಪ ಬಗ್ಗಿದರು. ನಿಂಬೆಹಣ್ಣಿಡಲು ಜಾಗ ಸಾಲದೆ, ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಮರದ ತುಂಡನ್ನು ತೆಗೆದರು. ನಾನು ನೋಡುತ್ತಲೇ ಇದ್ದೆ, ಬೇಡವೆನ್ನಲಿಲ್ಲ.

ವಿಮಾನ ಸದ್ದಿಲ್ಲದೆ ಇಳಿಜಾರಿನಲ್ಲಿ ಹಿಂದಕ್ಕೆ ಹೊರಟಿತು. ಬಾಲದ ನೆರಳಿನಲ್ಲಿ ಒಬ್ಬ ತಾಯಿ ಕೂಸಿಗೆ ಅನ್ನ ತಿನ್ನಿಸುತ್ತಿದ್ದಳು. ಕಾವಲುಗಾರ ಓಡಿಹೋಗಿ ಇಬ್ಬರನ್ನೂ ಎಳೆದುಕೊಂಡ. ಹಿಂದಿನ ಚಕ್ರ ಅನ್ನದ ಡಬ್ಬಿಯನ್ನು ಅಪ್ಪಚ್ಚಿ ಮಾಡಿ ಬೇಲಿಗೆ ತಾಗಿ ನಿಂತಿತು.

ಯಾರಿಗೂ ಗಾಯವಾಗಲಿಲ್ಲ. ಆದರೂ ನಮ್ಮಿಬ್ಬರ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ಚಕ್ರ ಮತ್ತೆ ಉರುಳುತ್ತಿತ್ತು, ಎಳೆದುಕೊಳ್ಳಲು ಯಾರೂ ಇರುತ್ತಿರಲಿಲ್ಲ. ಗುಡಿಯ ಮುಂದೆ ಹೊಸ ಬೈಕು ನಿಂತರೂ ಅಪ್ಪ ಅದರ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಮತ್ತೆ ಮತ್ತೆ ಹೋಗಿ ನೋಡುತ್ತಿದ್ದರು.

“ಈ ಕೈಲಿ ಇನ್ನು ಬೇಡ ಕಣಮ್ಮ,” ಎಂದವರು ಒಂದು ಸೋಮವಾರ ನಿಂಬೆಹಣ್ಣಿನ ಬುಟ್ಟಿಯನ್ನು ಬೇರೊಬ್ಬ ಅರ್ಚಕರಿಗೆ ಕೊಟ್ಟು ಬಂದರು. ಅಂದು ಇಬ್ಬರೂ ಬೆಳಗಿನವರೆಗೆ ಮಲಗಿದೆವು.