ಜೀಪಿನಲ್ಲಿ ಅಕ್ಕನ ಜಪ

ನಮ್ಮ ಅಕ್ಕ ಮಲ್ಲಾಜಮ್ಮ ಮದುವೆಗೆ ಮುಂಚೆ ತಾಂಡವಪುರದಲ್ಲಿ ಅಪ್ಪನ ಎತ್ತಿನ ಗಾಡಿ ಹೊಡೆಯುತ್ತಿದ್ದವಳು. ಹೆಣ್ಣುಮಗಳು ಗಾಡಿ ಹೊಡೆಯುವುದಾ ಅಂತ ಊರವರು ಮೂಗು ಮುರಿದರೆ ಇನ್ನೂ ಜೋರಾಗಿ ಹೊಡೆಯುತ್ತಿದ್ದಳು. ಅಂಥವಳನ್ನು ಹದಿನಾರು ಅನ್ನುವ ಊರಿಗೆ ಕೊಟ್ಟರು. ಭಾವ ಗಂಗಾಧರಸ್ವಾಮಿ ಮಿಲಿಟರಿ ಹರಾಜಿನಲ್ಲಿ ಹಿಡಿದ ಹಳೇ ಜೀಪು ಇಟ್ಟುಕೊಂಡಿದ್ದರು. ಅಕ್ಕನಿಗೆ ಸಿಕ್ಕಿದ್ದು ಅದರ ಎಡಗಡೆ ಸೀಟು. ಕಣ್ಣು ಮಾತ್ರ ಯಾವಾಗಲೂ ಬಲಗಡೆಯ ಸ್ಟೀರಿಂಗ್ ಮೇಲೆ.

ಮನೆಯಲ್ಲಿ ಅತ್ತೆ ಸಣ್ಣತಾಯಮ್ಮನ ಎದುರು ಇಂಥ ಆಸೆ ಬಾಯಿಬಿಡುವ ಹಾಗಿರಲಿಲ್ಲ. ಅದಕ್ಕೇ ಜೀಪಿನಲ್ಲಿ ಕೂತಾಗ ಮೆಲ್ಲಗೆ ಕೇಳುತ್ತಿದ್ದಳು: “ಏನೂಂದ್ರೆ, ನಂಗೂ ಒಂದ್ಸಲ ಓಡ್ಸಕ್ಕೆ ಕೊಡ್ರೀ.” ಭಾವ ರಸ್ತೆಯಿಂದ ಕಣ್ಣು ತೆಗೆಯದೆ “ಹೂಂ, ಹೂಂ” ಅಂತ ತಲೆಯಾಡಿಸುತ್ತಿದ್ದರು.

ಅಕ್ಕನ ಮನೆಯಲ್ಲೇ ಇದ್ದುಕೊಂಡು ನಂಜನಗೂಡಿನ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿದ್ದ ನನ್ನ ಹತ್ತಿರ ಬಂದು, “ಇವತ್ತೂ ಹೂಂ ಅಂದ್ರು ಕಣೋ ಬಸವೇಶ” ಅಂತ ಹಿಗ್ಗುತ್ತಿದ್ದಳು.

“ಅಂದ್ರು ಸರಿ, ಕೊಟ್ರಾ? ನಾನೇ ಯೋಳ್ತೀನಿ ಇರು.”

“ನೀನ್ಯಾಕೆ ಯೋಳ್ತೀಯಾ, ನಂಗೆ ಬಾಯಿಲ್ವಾ? ನಿಮ್ಮ ಭಾವ ಹೂಂ ಅಂದ್ಮೇಲೆ ಮುಗೀತು. ಇವತ್ತಲ್ಲ ನಾಳೆ ಕೊಡ್ತಾರೆ.”

ಅದೂ ನಿಜವೇ. ಪಂಚಾಯ್ತಿ ಕಟ್ಟೆಯಲ್ಲಿ ಒಮ್ಮೆ ಹೂಂ ಅಂದರೆ ಭಾವ ಮಾತು ತಿರುಗಿಸಿದವರಲ್ಲ. ಆದರೆ ಆ ಜೀಪಿನ ಸದ್ದು, ಅಯ್ಯೋ ಶಿವನೇ! ಸೈಲೆನ್ಸರ್ ತೂತು, ಬಾಗಿಲು ಲಟಲಟ, ಬಾನೆಟ್ಟು ದಡಬಡ. ಅದು ಬರುವುದನ್ನು ಕೇಳಿದರೆ ಬೀದಿನಾಯಿಗಳು ಬೊಗಳುವ ಉಸಾಬರಿಯೇ ಬೇಡವೆಂದು ಎದ್ದು ಹೋಗುತ್ತಿದ್ದವು. ತಳದ ತಗಡನ್ನು ತುಕ್ಕು ತಿಂದು ತೂತು ಬಿದ್ದು, ಅಕ್ಕನ ಕಾಲಡಿಯಲ್ಲಿ ರಸ್ತೆ ಓಡುವುದು ಕಾಣುತ್ತಿತ್ತು.

ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಮೂವರೂ ನಂಜನಗೂಡಿಗೆ ಹೊರಟಿದ್ದಾಗ ಅಕ್ಕನ ಒಂದು ಚಪ್ಪಲಿ ಆ ತೂತಿನಿಂದ ರಸ್ತೆಗೆ ಬಿತ್ತು. “ನಿಲ್ಸೀ, ಚಪ್ಲಿ ಬಿತ್ತು!” ಅಂತ ಕೂಗಿದಳು. ಭಾವ “ಹೂಂ, ಹೂಂ” ಅಂದರು. ಅವರ ಕಿವಿಯ ಹತ್ತಿರವೇ ಬಾಯಿಟ್ಟು ಕೂಗಿದಳು. ಮತ್ತೆ ಹೂಂ. ನಂಜನಗೂಡಿನ ಬಸ್ ಸ್ಟ್ಯಾಂಡ್ ಬರುವವರೆಗೂ ಹೂಂ! ಒಂಟಿ ಚಪ್ಪಲಿಯಲ್ಲಿ ಇಳಿದ ಅಕ್ಕನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವಳ ಕಣ್ಣಲ್ಲಿ ನೀರು ಕಂಡ ಮೇಲೆ ಬಾಯಿ ಮುಚ್ಚಿಕೊಂಡೆ.

“ಇಷ್ಟ್ ವರ್ಸ ಇಂಜಿನ್ ಜೊತೆ ಮಾತಾಡ್ದಂಗಾಯ್ತಲ್ಲೋ,” ಅಂದಳು.

ಅಂದಿನಿಂದ ಅಕ್ಕ ಜೀಪು ಬಿಟ್ಟು ಬಸ್ಸು ಹತ್ತಿದಳು. ಯಾಕೆಂದು ಭಾವ ಕೇಳಿದರೆ “ಆ ಸದ್ದು ನಂಗಾಗಕಿಲ್ಲ” ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಗಂಡ ಜೀಪಿನಲ್ಲಿ, ಹೆಂಡತಿ ಬಸ್ಸಿನಲ್ಲಿ. “ಯಾಕ್ ಗಂಗಾಧರಣ್ಣ, ಮನೇಲಿ ಏನಾರ ಗಲಾಟೆನಾ?” ಅಂತ ಊರು ಕೇಳತೊಡಗಿತು. ಭಾವನಿಗೆ ತಲೆ ಎತ್ತಿ ಓಡಾಡುವುದೇ ಕಷ್ಟವಾಯಿತು.

ಜೀಪನ್ನು ನಂಜನಗೂಡಿನ ಟಿಂಕರ್ ಮಾರಯ್ಯನ ಶೆಡ್ಡಿಗೆ ಬಿಟ್ಟರು. ಮಾರಯ್ಯ ತುಕ್ಕು ಹಿಡಿದ ತಳ ಕತ್ತರಿಸಿ, ಹೊಸ ತಗಡು ವೆಲ್ಡಿಂಗ್ ಮಾಡಿ, ರೆಡ್ ಆಕ್ಸೈಡ್ ಹೊಡೆದು, ಅಡಿಯಿಂದ ಡಾಂಬರು ಬಳಿದ. ಹೊಸ ಸೈಲೆನ್ಸರ್ ಕೂರಿಸಿದ. ಬಾಗಿಲಂಚಿಗೆ ಸೈಕಲ್ ಟ್ಯೂಬು ಸೀಳಿ ಅಂಟಿಸಿದ, ಕಾಲಡಿಗೆ ಕಂಬಳಿ ಹಾಸಿದ. ಇಷ್ಟಕ್ಕೆ ಸುಮ್ಮನಿದ್ದರೆ ಅವರು ನಮ್ಮ ಭಾವನೇ ಅಲ್ಲ! “ಬಾಗ್ಲು ಒಳಗೆ ಟೊಳ್ಳು, ಅದ್ಕೇ ಬಡ್ಕತದೆ” ಅಂತ ಎರಡೂ ಬಾಗಿಲುಗಳ ಹೊಟ್ಟೆಗೆ ಮನೆಯ ಭತ್ತದ ಹುಲ್ಲು ತಂದು ತುರುಕಿದರು.

“ನೀರ್ ನಿಂತ್ರೆ ಮತ್ತೆ ತುಕ್ಕಿಡೀತದೆ ಸಾ,” ಅಂದ ಮಾರಯ್ಯ.

“ನಂಗ್ ಗೊತ್ತು, ಸುಮ್ಕಿರಪ್ಪ!”

ಜೀಪು ಮನೆಗೆ ಬಂತು. ಅಕ್ಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟರಲ್ಲಿ ಜಡಿಮಳೆ ಹಿಡಿದು, ಜೀಪು ಹಿತ್ತಲಲ್ಲೇ ನೆನೆಯುತ್ತ ನಿಂತಿತು. ಮಳೆ ಬಿಟ್ಟ ದಿನ ತಿ. ನರಸೀಪುರದಲ್ಲಿ ಭಾವನ ತಂಗಿ ದೇವೀರಮ್ಮನ ಮನೆಯ ಗೃಹಪ್ರವೇಶ. ಅಕ್ಕ ರೇಷ್ಮೆ ಸೀರೆ ಉಟ್ಟು ಬಸ್ಸಿಗೆ ಹೊರಟಿದ್ದಳು. ಭಾವ ಪೆಚ್ಚುಮೋರೆ ಹಾಕಿಕೊಂಡು ಜೀಪನ್ನು ಮುಂದಕ್ಕೆ ತಂದರು. ನೋಡಿದರೆ, ಎರಡೂ ಬಾಗಿಲುಗಳ ಕಿಟಕಿ ಸಂದಿಯಲ್ಲಿ, ಕೆಳಗಿನ ಸಂದಿಯಲ್ಲಿ, ಬೆರಳುದ್ದ ಹಸಿರು ಪೈರು! ಹುಲ್ಲಿನಲ್ಲಿ ಉಳಿದಿದ್ದ ಭತ್ತವೆಲ್ಲ ಮೊಳೆತಿತ್ತು.

ಸಣ್ಣತಾಯಮ್ಮ ಕನ್ನಡಕ ಏರಿಸಿ ನೋಡಿದರು. “ಇನ್ನೊಂದೀಟು ದಿನ ಬುಟ್ರೆ ನಾಟಿಗಾಯ್ತದೆ ಕಣಪ್ಪ.”

ಅಷ್ಟೇ. ಅಕ್ಕ ಜಗುಲಿಯ ಮೇಲೆ ಕುಸಿದು ಕೂತು ನಕ್ಕಳು, ನಕ್ಕಳು, ಕುಂಕುಮ ಕದಡುವಷ್ಟು ನಕ್ಕಳು. ಆ ನಗುವಿನಲ್ಲೇ ಬಂದು ಎಡಗಡೆ ಸೀಟಿನಲ್ಲಿ ಕೂತುಬಿಟ್ಟಳು. ನಾನು ಹಿಂದೆ ಹತ್ತಿದೆ.

ಜೀಪು ಹೊರಟಿತು. ಅಬ್ಬಬ್ಬಾ! ಇಂಜಿನ್ನಿನ ಗೊಣಗಾಟ ಬಿಟ್ಟರೆ ಸದ್ದೇ ಇಲ್ಲ. ಅಕ್ಕನ ಬಳೆ ಸದ್ದು ಹಿಂದಿನ ಸೀಟಿಗೆ ಕೇಳುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಭಾವ ಅವಳ ಕಡೆ ತಿರುಗಿದರು.

“ಯಾಕೆ ಮಲ್ಲಾಜಿ, ಇವತ್ತು ಜಪ ಇಲ್ವಾ?”

“ಯಾವ ಜಪ?”

“ಅದೇ, ದಾರಿ ಉದ್ದಕ್ಕೂ ತುಟಿ ಆಡಿಸ್ತಿದ್ದಲ್ಲ. ಶಿವನಾಮ ಯೋಳ್ತವ್ಳೆ ಅಂತ ನಾನೂ ಹೂಂ ಅಂತ ತಲೆ ಆಡಿಸ್ತಿದ್ದೆ.”

ನಾನು ಹೊಟ್ಟೆ ಹಿಡಿದುಕೊಂಡೆ. ಅಕ್ಕ ನಗಲಿಲ್ಲ. ಈಗ ಕೇಳಿದರೆ ಅವರಿಗೆ ಕೇಳಿಸುತ್ತದೆ. ಕೇಳಿಸಿಕೊಂಡು ಬೇಡ ಅಂದುಬಿಟ್ಟರೆ? ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಯೋಳಕ್ಕ! ನಿಂಗೆ ಬಾಯಿಲ್ವಾ?”

“ಜಪ ಅಲ್ಲ ಕಣ್ರೀ,” ಅಂದಳು. “ನಂಗೂ ಒಂದ್ಸಲ ಓಡ್ಸಕ್ಕೆ ಕೊಡ್ರೀ ಅಂತ ಕೇಳ್ತಿದ್ದೆ. ಮದ್ವೆಯಾದಾಗ್ನಿಂದ ಕೇಳ್ತಾವ್ನಿ. ನೀವು ಹೂಂ ಅಂದಿದ್ರಿ.”

ಭಾವ ಬ್ರೇಕು ಒತ್ತಿದರು. ಪೈರು ತೂಗಾಡಿ ನಿಂತಿತು.

“ಪ್ರತೀ ಸಲಾನೂ ಅಂದಿದ್ನಾ?”

“ಪ್ರತೀ ಸಲ.”

ಭಾವ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಇಳಿದು, ಜೀಪು ಬಳಸಿಕೊಂಡು ಬಂದು, ಎಡಗಡೆ ಬಾಗಿಲು ತೆಗೆದರು. “ಸರ್ಕೊ ಆ ಕಡೆ.”

ಅಷ್ಟು ವರ್ಷ ಅವರ ಕಾಲು, ಕೈ ನೋಡಿ ನೋಡಿಯೇ ಕಲಿತಿದ್ದಳು. ಮೊದಲ ಸಲ ಜೀಪು ಎಗರಿ ನಿಂತು ನನ್ನ ತಲೆ ಕಂಬಿಗೆ ಬಡಿಯಿತು. ಎರಡನೇ ಸಲ ಅಕ್ಕ ಎತ್ತುಗಳಿಗೆ ಮಾಡುವ ಹಾಗೆ ನಾಲಿಗೆ ಲೊಚಗುಟ್ಟಿದಳು ನೋಡಿ, ಹೊರಟೇಬಿಟ್ಟಿತು! ನಾಲೆ ಏರಿ ಮೇಲೆ ಬಾಗಿಲಿನ ಪೈರೆಲ್ಲ ಗಾಳಿಗೆ ಹಿಂದಕ್ಕೆ ಬಾಗಿತ್ತು. ಭಾವ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಜವಾಗಿಯೂ ಶಿವನಾಮ ಹೇಳತೊಡಗಿದರು.

“ನಿಧಾನ ಕಣೇ! ಮುಂದೆ ತಿರುವು! ಮಲ್ಲಾಜೀ, ಕೇಳುಸ್ತೇನೇ?”

ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದಳು.

“ಹೂಂ, ಹೂಂ.”