ನಲವತ್ತು ಡಿಗ್ರಿಗೆ ಇನ್ನೂರ ಹತ್ತು ಪೌಂಡು

ಕಳೆದ ವಾರ ನಮ್ಮ ಕೊಂಡಾಪುರದ ಕಚೇರಿಯ ತಾರಸಿಯಲ್ಲಿ ಮೆಕ್ಯಾನಿಕ್ ಒಬ್ಬ ಹಳೆಯ ಎ.ಸಿ. ಯಂತ್ರದ ತಾಮ್ರದ ಕೊಳವೆ ಬಿಚ್ಚಿದ. ಒಳಗೆ ಉಳಿದಿದ್ದ ಚೂರುಪಾರು ಗ್ಯಾಸು ಫುಸ್ಸೆಂದು ಹೋಯಿತು, ಅದರ ಬೆನ್ನಿಗೇ ಒಂದು ವಾಸನೆ ಬಂತು. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯನ್ನು ಬಾಣಲೆಯಲ್ಲಿ ಬಿಸಿ ಮಾಡಿದರೆ ಬರಬಹುದಾದಂಥ ವಾಸನೆ. ಈಗಿನ ಯಂತ್ರಗಳ ಎಣ್ಣೆ ಬೇರೆ, ಅವುಗಳ ವಾಸನೆಯೂ ಬೇರೆ. ಇದು ನಮ್ಮಲ್ಲಿ ಉಳಿದಿರುವ ಕೊನೆಯ ಹಳೆಯ ಯಂತ್ರ. ಕಟ್ಟಡದ ಉಸ್ತುವಾರಿ ನನ್ನದು. ಫೋನು ಹಿಡಿದು ಯಾರಿಗೋ ಗದರುತ್ತ ನಿಂತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ಫೋನು ಕೆಳಗಿಳಿಸಿದೆ. ಕಾಕಾ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು...

ಅವರು ನನಗೆ ಸಂಬಂಧಿಕರಲ್ಲ. ಅಮೀರ್‌ಪೇಟ್‌ನ ಒಂದು ಸಾಫ್ಟ್‌ವೇರ್ ತರಬೇತಿ ಸಂಸ್ಥೆಯಲ್ಲಿ ನಾನು ಮುಂಬಾಗಿಲ ಮೇಜಿನ ಹಿಂದೆ ಕೂರುತ್ತಿದ್ದ ಕಾಲದಲ್ಲಿ ಅಲ್ಲಿನ ಎ.ಸಿ.ಗಳನ್ನು ನೋಡಿಕೊಳ್ಳುತ್ತಿದ್ದವರು. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ದಿನಗಳು ಅವು. ಗಲ್ಲಿಗೊಂದು ಸಂಸ್ಥೆ, ಗೋಡೆಗಳ ತುಂಬ ಕೋರ್ಸುಗಳ ಭಿತ್ತಿಪತ್ರ, ಬಸ್ಸಿನಿಂದ ಕಾಲು ಕೆಳಗಿಟ್ಟರೆ ಕೈಗೆ ನಾಲ್ಕು ಕರಪತ್ರ. ನಮ್ಮ ಲ್ಯಾಬಿನಲ್ಲಿ ಅರವತ್ತು ಕಂಪ್ಯೂಟರುಗಳಿದ್ದವು, ಒಂದೊಂದರ ಮುಂದೆ ಇಬ್ಬಿಬ್ಬರು. ಎ.ಸಿ. ನಿಂತರೆ ಹತ್ತು ನಿಮಿಷಕ್ಕೆ ಆ ಕೋಣೆ ಇಟ್ಟಿಗೆ ಭಟ್ಟಿಯಾಗುತ್ತಿತ್ತು. ಎಲ್ಲರಿಗೂ ಅವರು ಉಸ್ತಾದ್, ನನಗೊಬ್ಬಳಿಗೇ ಕಾಕಾ.

ಮೊದಲ ಸಲ ಕಂಡ ದಿನ ನಾನು ಫೋನಿನಲ್ಲಿ ಅಮ್ಮನ ಜೊತೆ ಜಗಳಕ್ಕಿಳಿದಿದ್ದೆ. ಅಪ್ಪ ರಾಯಚೂರಿನವರು, ಇಲ್ಲಿನ ಸರ್ಕಾರಿ ಕಾರ್ಖಾನೆಯೊಂದರ ನೌಕರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು ಇಲ್ಲವೇ ಹಿಂದಿ. ಕನ್ನಡದಲ್ಲಿ ಎಷ್ಟು ಕೂಗಾಡಿದರೂ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ ನನ್ನದು. ಆಗ ಹಿಂದಿನ ಏಣಿಯ ಮೇಲಿಂದ ದನಿ ಬಂತು.

“ತಾಯಿಗೆ ಹಂಗ ಅನಬಾರ್ದವಾ ತಂಗಿ. ಸಂಜೀಕ ಉಣ್ಣಾಕ ಅಲ್ಲೇ ಹೋಗಬೇಕಲ್ಲ?”

ನಾಚಿ ನೀರಾದೆ. ಅವರು ತಾಳಿಕೋಟೆ ಕಡೆಯವರು. ಹರೆಯದಲ್ಲಿ ಸಿಕಂದರಾಬಾದಿನ ಮಂಜುಗಡ್ಡೆ ಕಾರ್ಖಾನೆಯೊಂದಕ್ಕೆ ಗಡ್ಡೆ ಹೊರುವ ಕೆಲಸಕ್ಕೆ ಬಂದು, ಅಲ್ಲಿನ ಯಂತ್ರಗಳ ಸುತ್ತ ಸುತ್ತುತ್ತಲೇ ಕೆಲಸ ಕಲಿತು, ಕಾರ್ಖಾನೆ ಮುಚ್ಚಿದ ಮೇಲೆ ಅದೇ ಬೀದಿಯಲ್ಲಿ ಚಿಕ್ಕ ರಿಪೇರಿ ಅಂಗಡಿ ಇಟ್ಟಿದ್ದರು. ಐದನೆಯ ತರಗತಿಗೆ ಓದು ಮುಗಿದಿತ್ತು. ನನ್ನ ಬಿ.ಎಸ್ಸಿ. ಪದವಿ ಅವರ ಮುಂದೆ ಏನೂ ಅಲ್ಲ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಎ.ಸಿ. ತಂಪು ಕೊಡದಿದ್ದರೆ ಊರಿನವರೆಲ್ಲ ಹೇಳುವ ಮಾತು ಒಂದೇ: ಗ್ಯಾಸ್ ಕಡಿಮೆಯಾಗಿದೆ, ತುಂಬಿಸಿ. ನಾನೂ ಹಾಗೇ ಹೇಳಿದೆ. ಕಾಕಾ ಕನ್ನಡಕದ ಮೇಲಿಂದ ನೋಡಿದರು.

“ಗ್ಯಾಸು ಏನ್ ಚಾ ಏನವಾ, ಕುಡದು ಕುಡದು ಕಡಿಮಿ ಆಗಾಕ? ಕಡಿಮಿ ಆಗೇತಿ ಅಂದ್ರ ಎಲ್ಲೋ ತೂತು ಐತಿ. ಮೊದಲ ಅದನ್ನ ಹುಡುಕಬೇಕು.”

ಬಹಳ ಸಲ ತೂತೂ ಇರುತ್ತಿರಲಿಲ್ಲ; ಜಾಲರಿಯಲ್ಲಿ ಅಂಗೈ ದಪ್ಪ ಧೂಳು ಇರುತ್ತಿತ್ತು. ಬ್ರಷ್ಷು, ಒಂದು ಬಕೆಟ್ ನೀರು, ಕೆಲಸ ಮುಗಿಯಿತು. ಬೇರೆ ಮೆಕ್ಯಾನಿಕ್‌ಗಳು ಬಂದರೆ ಮೊದಲು ಮಾಡುವ ಕೆಲಸ ಒತ್ತಡ ಅಳೆಯುವ ಗೇಜು ಸಿಕ್ಕಿಸುವುದು. ಕಾಕಾ ಮೊದಲು ಕೊಳವೆಯ ಮೇಲೆ ಅಂಗೈ ಇಡುತ್ತಿದ್ದರು, ಆಮೇಲೆ ಹೊರಗಿನ ಗಾಳಿಗೆ ಗಾಜಿನ ಥರ್ಮಾಮೀಟರ್ ಹಿಡಿಯುತ್ತಿದ್ದರು, ಕೊನೆಗೆ ಗೇಜು. ಮುಳ್ಳು ಎಷ್ಟಕ್ಕೆ ನಿಲ್ಲುತ್ತದೆ ಎಂದು ಮುಂಚೆಯೇ ಹೇಳಿ, ಆಮೇಲೆ ಸಿಕ್ಕಿಸುತ್ತಿದ್ದರು. ಮುಳ್ಳು ಅವರ ಮಾತು ಕೇಳುವ ಹಾಗೆ ಅಲ್ಲೇ ಹೋಗಿ ನಿಲ್ಲುತ್ತಿತ್ತು. ಇದು ಏನೋ ಕಣ್ಕಟ್ಟು ಎಂದು ನನ್ನ ಅನುಮಾನ.

“ಕಣ್ಕಟ್ಟು ಅಲ್ಲವಾ, ಕುಕ್ಕರ್,” ಎಂದರು. “ಮುಚ್ಚಳ ಬಿಗದ್ರ ಬ್ಯಾಳಿ ಯಾಕ ಜಲ್ದಿ ಬೇಯ್ತೈತಿ? ಒತ್ತಡ ಏರಿದ್ರ ನೀರು ಕುದಿಯೋ ಬಿಸಿನೂ ಏರತೈತಿ. ಒತ್ತಡ ಇಳಿಸಿದ್ರ ಕಡಿಮಿ ಬಿಸಿಗೇ ಕುದೀತೈತಿ. ನಮ್ಮ ಗ್ಯಾಸಿಂದೂ ಅದ ಹಣೇಬರಹ. ಖೋಲ್ಯಾಗ ಒತ್ತಡ ಇಳಸ್ತೀವಿ, ನಾಕೈದು ಡಿಗ್ರಿ ತಂಪಿನಾಗ ಕುದೀತೈತಿ. ಕುದಿಯಾಕ ಬೇಕಾದ ಬಿಸಿ ನಿಮ್ಮ ಖೋಲಿಯಿಂದ ಎಳಕೋತೈತಿ. ತಾರಸಿ ಮ್ಯಾಲ ಒತ್ತಡ ಏರಸ್ತೀವಿ, ಆ ಬಿಸಿ ಹೊರಗ ಚೆಲ್ಲಿ ಮತ್ತ ನೀರಿನಂಗ ಆಗತೈತಿ. ಇಷ್ಟ ನೋಡು.”

ಗೇಜನ್ನು ನನ್ನ ಕೈಗೆ ಕೊಟ್ಟರು. ಹೊರಸುತ್ತಿನಲ್ಲಿ ಒತ್ತಡದ ಪೌಂಡುಗಳು, ಒಳಸುತ್ತಿನಲ್ಲಿ ಉಷ್ಣದ ಡಿಗ್ರಿಗಳು, ಎರಡಕ್ಕೂ ಒಂದೇ ಮುಳ್ಳು. ಒಂದು ಗೊತ್ತಾದರೆ ಇನ್ನೊಂದು ಗೊತ್ತಾದ ಹಾಗೇ. ಅರವತ್ತೆಂಟು ಪೌಂಡು ಎಂದರೆ ಒಳಗೆ ನಾಲ್ಕೂವರೆ ಡಿಗ್ರಿಯ ತಂಪು. ಯಂತ್ರ ನಿಲ್ಲಿಸಿ ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಆರಲು ಬಿಟ್ಟರೆ ಇನ್ನೂರ ಹತ್ತರ ಆಸುಪಾಸು. ಈ ಲೆಕ್ಕವನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡ ಅಂಕಿಗಳಲ್ಲಿ ಬರೆದು, ಪ್ಲಾಸ್ಟಿಕ್ ಹಾಕಿಸಿ ಇಟ್ಟುಕೊಂಡಿದ್ದರು. ಒಂದು ದಿನ ನನಗೂ ಒಂದು ಪ್ರತಿ ಬರೆದುಕೊಟ್ಟರು.

“ಆದ್ರ ಒಂದ ಷರತ್ತು,” ಎಂದಿದ್ದರು. “ಒಳಗ ಗ್ಯಾಸ್ ಬಿಟ್ಟು ಬ್ಯಾರೆ ಏನೂ ಇರಬಾರ್ದು. ಗಾಳಿ ಹೊಕ್ಕಿತು ಅಂದ್ರ ಮುಳ್ಳು ಸುಳ್ಳು ಹೇಳಾಕ ಸುರು ಮಾಡತೈತಿ.”

ಅದಕ್ಕೇ ಅವರು ಕೊಳವೆ ಬಿಚ್ಚಿ ಬೆಸುಗೆ ಹಾಕಿದಾಗಲೆಲ್ಲ, ಗ್ಯಾಸು ತುಂಬುವ ಮೊದಲು ಪಂಪು ಹಚ್ಚಿ ಒಳಗಿನ ಗಾಳಿ, ತೇವ ಎಲ್ಲ ಎಳೆದು ಹೊರಹಾಕುತ್ತಿದ್ದರು. ಪೂರ್ತಿ ಒಂದು ತಾಸು. ಮುಳ್ಳು ಐದು ನಿಮಿಷಕ್ಕೇ ಸೊನ್ನೆಗಿಂತ ಕೆಳಗಿಳಿದು ನಿಂತರೂ ಬಿಡುತ್ತಿರಲಿಲ್ಲ. ಪಂಪಿನ ಪಕ್ಕ ಗೋಣಿಚೀಲ ಹಾಸಿ ಕೂತುಬಿಡುತ್ತಿದ್ದರು. ನೋಡಿದವರಿಗೆ ಸೋಮಾರಿ ಮುದುಕ. ಯಾರಾದರೂ ಕೇಳಿದರೆ, “ಅವಸರಿಲ್ಲ,” ಎನ್ನುತ್ತಿದ್ದರು. ಆ ಊರಿನಲ್ಲಿ, ಆ ದಿನಗಳಲ್ಲಿ, ಆ ಮಾತು ಆಡುತ್ತಿದ್ದವರು ಬಹುಶಃ ಅವರೊಬ್ಬರೇ.

ಒಂದು ಶನಿವಾರ ಕಂಪನಿಯೊಂದರವರು ನಮ್ಮ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಆರಿಸಿಕೊಳ್ಳಲು ಬರುವವರಿದ್ದರು. ಹನ್ನೊಂದಕ್ಕೆ ಲ್ಯಾಬಿನಲ್ಲಿ ಪರೀಕ್ಷೆ. ಮೇ ತಿಂಗಳು. ಹಿಂದಿನ ಸಂಜೆಯೇ ಲ್ಯಾಬಿನ ದೊಡ್ಡ ಎ.ಸಿ.ಯ ಕೊಳವೆಯಲ್ಲಿ ಸೋರಿಕೆ ಸಿಕ್ಕಿತ್ತು. ಕಾಕಾ ಬೆಳಿಗ್ಗೆ ಬಂದು ಬೆಸುಗೆ ಹಾಕಿ, ಹತ್ತೂಕಾಲಿಗೆ ಪಂಪು ಹಚ್ಚಿದ್ದರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಆ ದಿನದ ಏರ್ಪಾಟು ನೋಡಿಯೇ ತೀರ್ಮಾನ ಎಂದು ಡೈರೆಕ್ಟರು ಹೇಳಿದ್ದರು. ಹತ್ತೂವರೆಗೆ ಅವರು, “ಎ.ಸಿ. ಎಷ್ಟು ಹೊತ್ತಿಗೆ ಆಗುತ್ತದೆ, ಕೇಳಿಕೊಂಡು ಬಾ,” ಎಂದು ನನ್ನನ್ನು ಮೇಲೆ ಕಳಿಸಿದರು. ಕೇಳಿಕೊಂಡು ಬಾ ಎಂದಷ್ಟೇ.

ನಾನು ತಾರಸಿಗೆ ಹೋಗಿ ಹೇಳಿದ್ದು ಬೇರೆ. “ಕಾಕಾ, ಡೈರೆಕ್ಟರ್ ಹೇಳ್ಯಾರ, ಈಗಿಂದೀಗ ಚಾಲೂ ಮಾಡಬೇಕಂತ.”

ಅವರು ಪಂಪು ನೋಡಿದರು. “ಇನ್ನ ಮುಕ್ಕಾಲು ತಾಸು ಬೇಕಲ್ಲವಾ.”

“ನನ್ನ ನೌಕರಿ ಹೋಗತೈತ್ರಿ ಕಾಕಾ!” ಎಂದೆ. ಅಳು ಬಂದಿತ್ತು, ನಿಜವಾಗಿಯೂ ಬಂದಿತ್ತು. ಅವರು ನನ್ನ ಮುಖ ನೋಡಿ, ಪಂಪು ನಿಲ್ಲಿಸಿ ಗ್ಯಾಸು ತುಂಬಿದರು.

ಹನ್ನೊಂದಕ್ಕೆ ಲ್ಯಾಬು ತಣ್ಣಗಿತ್ತು. ಡೈರೆಕ್ಟರು ಖುಷಿಯಾಗಿ ತಾವೇ ತಾರಸಿಗೆ ಹೋಗಿ ಬಂದರು. ನಾನು ಗೆದ್ದೆ ಅಂದುಕೊಂಡೆ. ಹನ್ನೆರಡು ದಾಟಿ ಬಿಸಿಲು ಏರಿದಂತೆ ಯಂತ್ರದೊಳಗಿನ ಒತ್ತಡವೂ ಏರಿತು, ಕಾವಲಿನ ಸ್ವಿಚ್ಚು ಅದನ್ನು ನಿಲ್ಲಿಸಿಬಿಟ್ಟಿತು. ಮತ್ತೆ ಹಚ್ಚಿದರೆ ಮತ್ತೆ ನಿಂತಿತು. ಸ್ವಲ್ಪ ಹೊತ್ತಿಗೆ ಕಂಪ್ಯೂಟರುಗಳು ಒಂದೊಂದಾಗಿ ಸ್ತಬ್ಧವಾದವು. ಅರವತ್ತು ಜನ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರಲ್ಲಿ ವರ್ಷದಿಂದ ಇಂಥ ಒಂದು ದಿನಕ್ಕೆ ಕಾದವರಿದ್ದರು. ಕಂಪನಿಯವರು, ಭಾನುವಾರ ಇನ್ನೊಂದು ಅವಕಾಶ ಕೊಡುತ್ತೇವೆ, ಆಗಲೂ ಹೀಗಾದರೆ ಇಲ್ಲ ಎಂದು ಹೊರಟುಹೋದರು.

ಡೈರೆಕ್ಟರು ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ನೋಡಿದವನೇ, ಕಂಪ್ರೆಸರ್ ಸತ್ತಿದೆ, ಹೊಸದೇ ಹಾಕಬೇಕು ಎಂದು ಹೇಳಿ ಹೋದ. ಕಾಕಾ ಸುಮ್ಮನಿದ್ದಿದ್ದರೆ ತಪ್ಪೆಲ್ಲ ಆ ಯಂತ್ರದ ತಲೆಗೆ ಹೋಗಿ ಎಲ್ಲರೂ ಬಚಾವಾಗುತ್ತಿದ್ದರು. ನಾನು ಒಳಗೊಳಗೇ ದೇವರಿಗೆ ಕೈಮುಗಿದೆ, ಹಾಗೇ ಆಗಲಿ ಎಂದು. ಕಾಕಾ ಮಾತ್ರ ಎರಡು ತಾಸು ಕೊಡಿ ಎಂದು ಕೇಳಿದರು.

ಗ್ಯಾಸನ್ನೆಲ್ಲ ತಾರಸಿಯ ಯಂತ್ರಕ್ಕೆ ಎಳೆದು ವಾಲ್ವು ಮುಚ್ಚಿದರು. ಕಂಪ್ರೆಸರ್ ನಿಲ್ಲಿಸಿ ಫ್ಯಾನು ಮಾತ್ರ ಓಡಲು ಬಿಟ್ಟರು, ಯಂತ್ರವೂ ಸುತ್ತಲಿನ ಗಾಳಿಯೂ ಒಂದೇ ಉಷ್ಣಕ್ಕೆ ಬರಲಿ ಎಂದು. ನೆರಳಿನಲ್ಲಿ ಥರ್ಮಾಮೀಟರ್ ತೂಗುಹಾಕಿ ಕೂತರು. ಡೈರೆಕ್ಟರು ಅತ್ತಿಂದಿತ್ತ ತಿರುಗುತ್ತಿದ್ದರು. ಕೊನೆಗೆ ಕಾಕಾ ಎದ್ದು ನೋಡಿದರು. ನಲವತ್ತು ಡಿಗ್ರಿ. ಮುಳ್ಳು ಇನ್ನೂರ ಹತ್ತಕ್ಕೆ ನಿಲ್ಲಬೇಕಿತ್ತು. ಇನ್ನೂರ ನಲವತ್ತರ ಹತ್ತಿರ ನಿಂತಿತ್ತು. ಆ ಮೂವತ್ತು ಪೌಂಡು ಗಾಳಿ. ಅದನ್ನು ಅಲ್ಲಿ ಓದಬಲ್ಲವರು ಅವರನ್ನು ಬಿಟ್ಟರೆ ನಾನೊಬ್ಬಳೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ನನ್ನ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು.

“ಸಾಬ್, ಕಂಪ್ರೆಸರ್ ಅಚ್ಛಾ ಹೈ,” ಎಂದರು ಕಾಕಾ. “ಅಂದರ್ ಹವಾ ಹೈ. ಪಂಪು ಪೂರಾ ಟೈಮ್ ನೈ ಚಲಾಯಾ. ಗಲತಿ ಮೇರೀ ಹೈ.”

ಕಂಪ್ರೆಸರ್ ಸರಿಯಿದೆ, ಪಂಪು ಪೂರ್ತಿ ಹೊತ್ತು ಓಡಿಸದೆ ಒಳಗೆ ಗಾಳಿ ಉಳಿದಿದೆ, ತಪ್ಪು ತನ್ನದು ಎಂದಿದ್ದರು. ಈಗ ನನ್ನ ಹೆಸರು ಹೇಳುತ್ತಾರೆ, ಈಗ ನನ್ನ ಕಡೆ ನೋಡುತ್ತಾರೆ ಎಂದು ಕಾದೆ. ನೋಡಲಿಲ್ಲ. ಡೈರೆಕ್ಟರು ಎಲ್ಲರ ಎದುರಿಗೇ ಬೈದರು. ಬಾಯಿಗೆ ಬಂದ ಮಾತೆಲ್ಲ ಆಡಿ, ಇದನ್ನು ಸರಿಮಾಡಿ ಕೊಟ್ಟು ನಾಳೆಯಿಂದ ಬರಬೇಡ ಎಂದರು. ಕಾಕಾ ತಲೆಯಾಡಿಸಿ, ಗ್ಯಾಸನ್ನು ಪೂರ್ತಿ ತೆಗೆದು, ಪಂಪು ಹಚ್ಚಿ, ಗೋಣಿಚೀಲ ಹಾಸಿ ಕೂತರು. ಒಂದು ತಾಸು. ನಾನು ಹತ್ತಿರ ಹೋಗಲಿಲ್ಲ. ಭಾನುವಾರ ಲ್ಯಾಬು ಇಡೀ ದಿನ ತಣ್ಣಗಿತ್ತು, ಹಲವರಿಗೆ ಕೆಲಸ ಸಿಕ್ಕಿತು. ಮರುವಾರ ನನ್ನ ನೌಕರಿಯೂ ಖಾಯಂ ಆಯಿತು.

ಅಂಥ ಹೇಡಿತನ ನನ್ನೊಳಗಿದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಮೂರು ತಿಂಗಳು ಬಿಟ್ಟು ಧೈರ್ಯ ಮಾಡಿ ಸಿಕಂದರಾಬಾದಿನ ಅವರ ಅಂಗಡಿ ಹುಡುಕಿಕೊಂಡು ಹೋದೆ. ಚಹಾ ತರಿಸಿದರು. ಅಮ್ಮನ ಜೊತೆ ಈಗ ಜಗಳ ಹೇಗಿದೆ ಎಂದು ಕೇಳಿದರು. ನಾನು ತಲೆ ತಗ್ಗಿಸಿ, ಡೈರೆಕ್ಟರು ಹಾಗೆ ಹೇಳಿಯೇ ಇರಲಿಲ್ಲ, ಸುಳ್ಳು ಹೇಳಿದೆ ಎಂದೆ.

“ಗೊತ್ತಿತ್ತವಾ. ಅವತ್ತ ಹನ್ನೊಂದಕ್ಕ ಅವರೇ ತಾರಸಿಗೆ ಬಂದಿದ್ರಲ್ಲ, ಇಷ್ಟ ಜಲ್ದಿ ಹೆಂಗಾತು ಅಂತ ಕೇಳಿದ್ರು.”

ಗೊತ್ತಿತ್ತು. ಬೈಗುಳ ತಿನ್ನುವಾಗಲೂ ಗೊತ್ತಿತ್ತು! ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟೇ ಇತ್ತು.

“ನೀ ಅವಸರ ಮಾಡಿದ್ದು ಖರೇ. ಪಂಪ್ ಬಂದ್ ಮಾಡಿದ ಕೈ ಯಾವುದು? ಇಷ್ಟ್ ವರ್ಷ ಮಾಡಿದ ಕೆಲಸ, ಒಂದ ಹುಡುಗಿ ಅತ್ಲು ಅಂತ ಬಿಟ್ಟೆ. ಅದು ನಿನ್ನ ತಪ್ಪು ಹೆಂಗ ಆಗತೈತಿ?”

ನಾಳೆಯೇ ಹೋಗಿ ಡೈರೆಕ್ಟರಿಗೆ ನಿಜ ಹೇಳುತ್ತೇನೆ ಎಂದೆ. ಅವರು ನಕ್ಕರು. “ಹೇಳಬೇಕು ಅನಿಸಿದ ದಿನ ಹೇಳು. ಅವಸರಿಲ್ಲ.”

ನಾನು ಹೇಳಲಿಲ್ಲ. ಈ ತಿಂಗಳು, ಮುಂದಿನ ತಿಂಗಳು ಎನ್ನುತ್ತ ಇದ್ದೆ. ಅಷ್ಟರಲ್ಲಿ ಸಂಸ್ಥೆ ಮುಚ್ಚಿತು, ಡೈರೆಕ್ಟರು ಊರೇ ಬಿಟ್ಟರು. ಕೆಲವು ವರ್ಷಗಳ ನಂತರ, ಕಾಕಾ ಕಲಿಸಿದ ವಿದ್ಯೆಯಿಂದಲೇ ಈ ಕಟ್ಟಡದ ಕೆಲಸ ಸಿಕ್ಕಾಗ, ಇಲ್ಲಿನ ಯಂತ್ರಗಳನ್ನೆಲ್ಲ ಅವರ ಕೈಗೇ ಒಪ್ಪಿಸಬೇಕೆಂದು ಅಂಗಡಿಗೆ ಹೋದೆ. ಅಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದ. ಎದುರಿನ ಚಹಾದವನು, ಉಸ್ತಾದ್ ತೀರಿಕೊಂಡು ಎರಡು ವರ್ಷವಾಯಿತು ಎಂದ...

ಕಳೆದ ವಾರ ಆ ತಾರಸಿಯಲ್ಲಿ ಮೆಕ್ಯಾನಿಕ್ ಬೆಸುಗೆ ಮುಗಿಸಿ ಪಂಪು ಹಚ್ಚಿದ. ಕಾಲು ತಾಸಿಗೆ ಬಂದು, ಮುಳ್ಳು ಇಳಿದಿದೆ ಮೇಡಂ, ಗ್ಯಾಸು ತುಂಬಲೇ ಎಂದು ಕೇಳಿದ. ಕೆಳಗೆ ದೊಡ್ಡ ಸಭೆಯಿತ್ತು, ಎ.ಸಿ. ಯಾವಾಗ ಎಂದು ನನ್ನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅದರ ಬಾಯಿ ಮುಚ್ಚಿಸಿ ಚೀಲಕ್ಕೆ ಹಾಕಿದೆ. ಚೀಲದಲ್ಲಿ ಕಾಕಾ ಬರೆದುಕೊಟ್ಟ ಹಾಳೆಯಿದೆ, ಮಡಿಕೆಗಳಲ್ಲಿ ಹರಿದಿದೆ, ಅಂಕಿಗಳು ಇನ್ನೂ ಸರಿಯಾಗಿವೆ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಪಂಪಿನ ಪಕ್ಕ ಕೂತೆ.

“ಅವಸರಿಲ್ಲ,” ಎಂದೆ.

ಅವನಿಗೆ ಕನ್ನಡ ಬರುವುದಿಲ್ಲ. ನನ್ನ ಮುಖ ನೋಡಿ ಏನು ತಿಳಿದುಕೊಂಡನೋ, ಅವನೂ ಪಕ್ಕದಲ್ಲಿ ಕೂತ. ಆ ಶನಿವಾರ ಬೆಳಿಗ್ಗೆ ಹತ್ತೂವರೆಗೆ ತಾರಸಿ ಹತ್ತಿ ನಾನು ಆಡಬೇಕಿದ್ದ ಮಾತು ಅದು. ಪಂಪು ಪೂರ್ತಿ ಒಂದು ತಾಸು ಓಡಿತು.